ಬೆಳಗ್ಗೆ ಎದ್ದ ಕೂಡ್ಲೇ ಹಿಮ್ಮಡಿ ನೋವು

ಪ್ರಶ್ನೆ: ಡಾಕ್ಟ್ರೇ, ನಮ್ಮಮ್ಮಂಗೆ 52 ವರ್ಷ, ಕಾಫಿ ತೋಟದ ಕೆಲ್ಸ, ದಿನಾ ಗಮ್ ಬೂಟ್ ಹಾಕ್ತಾರೆ. ಬೆಳಗ್ಗೆ ಹಾಸಿಗೆಯಿಂದ ಎದ್ದು ಕಾಲು ನೆಲಕ್ಕಿಟ್ರೆ ಹಿಮ್ಮಡಿ ಚುಚ್ಚಿದಂಗಾಗುತ್ತೆ, ಸ್ವಲ್ಪ ಓಡಾಡಿದ್ರೆ ಕಮ್ಮಿ. ಎಕ್ಸ್‌ರೇಲಿ ಮೂಳೆ ಬೆಳ್ದಿದೆ ಅಂದ್ರು, ಆಪರೇಷನ್ ಬೇಕಾ?
– ಓದುಗರು, ಮೂಡಿಗೆರೆ

ಉತ್ತರ: ಗಾಬರಿ ಬೇಡಮ್ಮ. ನೀವು ಹೇಳಿದ್ದು ನೋಡಿದ್ರೆ ಪ್ಲಾಂಟರ್ ಫ್ಯಾಸೈಟಿಸ್ ಇರ್ಬೇಕು, ಹಿಮ್ಮಡಿ ಮೂಳೆಯಿಂದ ಬೆರಳಿನವರೆಗೆ ಪಾದದಡಿ ಒಂದು ಗಟ್ಟಿ ಪಟ್ಟಿ ಇರುತ್ತೆ, ದಿನವಿಡೀ ನಿಂತು, ಇಳಿಜಾರಲ್ಲಿ ಹತ್ತಿ ಇಳಿದು ಅದು ಬಳಲುತ್ತೆ, ರಾತ್ರಿ ಬಿಗಿಯಾಗಿ ಬೆಳಗ್ಗೆ ಮೊದಲ ಹೆಜ್ಜೆಗೇ ಎಳೆಯುತ್ತೆ. ಎಕ್ಸ್‌ರೇಲಿ ಕಂಡ ಮೂಳೆ ನೋವೇ ಇಲ್ದವರಿಗೂ ಎಷ್ಟೋ ಜನಕ್ಕೆ ಇರುತ್ತೆ, ಅದನ್ನ ಕೊಯ್ಯೋಕೆ ಅವಸರ ಮಾಡ್ಬೇಡಿ.

ಏಳೋ ಮುಂಚೆ ಹಾಸಿಗೆಲೇ ಕೂತು ಟವೆಲ್‌ನ ಪಾದಕ್ಕೆ ಸುತ್ತಿ ತಮ್ಮ ಕಡೆ 30 ಸೆಕೆಂಡ್ ಎಳ್ಕೊಳ್ಲಿ, ಹೀಗೆ ಮೂರು ಸಲ. ಮೀನಖಂಡದ ಸ್ಟ್ರೆಚಿಂಗೂ ಬೇಕು. ಸಂಜೆ ಫ್ರಿಜ್ಜಲ್ಲಿ ಹೆಪ್ಪುಗಟ್ಟಿಸಿದ ನೀರಿನ ಬಾಟ್ಲಿ ಮೇಲೆ ಪಾದ ಉರುಳಿಸ್ಲಿ. ಗಮ್ ಬೂಟಿನ ಅಡಿ ಸಪಾಟಾಗಿರುತ್ತೆ, ಒಳಗೆ ಮೆತ್ತನೆ ಸೋಲ್ ಹಾಕ್ಸಿ, ಮನೇಲೂ ಬರಿಗಾಲು ಬೇಡ, ಚಪ್ಲಿ ಇರ್ಲಿ. ವಾಸಿಯಾಗೋಕೆ ತಿಂಗಳುಗಟ್ಲೆ ಬೇಕು, ಆದ್ರೆ ಹೆಚ್ಚಿನವರಿಗೆ ಆಪರೇಷನ್ ಇಲ್ದೇ ಹೋಗುತ್ತೆ.

ಹಿಮ್ಮಡಿ ಹಿಂದೆ ನೋವಿದ್ರೆ ಮೀನಖಂಡನ ಹಿಮ್ಮಡಿಗೆ ಸೇರ್ಸೋ ಅಕಿಲಿಸ್ ಸ್ನಾಯುರಜ್ಜಿನ ತೊಂದ್ರೆ ಇರ್ಬಹುದು, ಹೆಬ್ಬೆರಳು ದಿಢೀರ್ ಕೆಂಪಾಗಿ ಊದಿದ್ರೆ ರಕ್ತದಲ್ಲಿ ಯೂರಿಕ್ ಆಸಿಡ್ ಹೆಚ್ಚಾಗಿ ಬರೋ ಗೌಟ್ ಇರ್ಬಹುದು. ಕಾಲು ಉಳುಕಿ ನಾಲ್ಕು ಹೆಜ್ಜೆ ಇಡೋಕಾಗ್ದಿದ್ರೆ ಎಣ್ಣೆ ತಿಕ್ತಾ ಕೂರ್ಬೇಡಿ, ಎಕ್ಸ್‌ರೇ ಮಾಡ್ಸಿ. ಅಮ್ಮಂಗೆ ಶುಗರ್ ಇದ್ದು ಪಾದ ಜೋಮು ಅಥ್ವಾ ಗಾಯ ಆದ್ರೆ ಅವತ್ತೇ ಡಾಕ್ಟ್ರಿಗೆ ತೋರ್ಸಿ.