ಕೀ ತೆಗೆದರೆ ಸ್ಟೇಷನ್ ಅಳಿಸಿಹೋಗುತ್ತಾ?

ಕಾರಿಗೆ ಹೊಸ ಸ್ಟೀರಿಯೊ ನೀವೇ ಹಾಕಿದ್ದೀರಿ, ಹಾಡು ಬರುತ್ತೆ, ಆದರೆ ಕೀ ತೆಗೆದ ಕೂಡಲೇ ಗಡಿಯಾರ, ಸೇವ್ ಮಾಡಿದ್ದ ಮಡಿಕೇರಿ ಆಕಾಶವಾಣಿ ಎಲ್ಲ ಅಳಿಸಿಹೋಗುತ್ತೆ ಅಂದಿರಲ್ಲ, ಸೆಟ್ ಕೆಟ್ಟಿರಲಿಕ್ಕಿಲ್ಲ ಸಾರ್. ಸೆಟ್ಟಿನ ಹಳದಿ ವೈರಿಗೆ ಸದಾ 12 ವೋಲ್ಟ್ ಬೇಕು, ನೆನಪು ಉಳಿಯೋದೇ ಅದರಿಂದ. ಕೆಂಪಿಗೆ ಕೀ ತಿರುಗಿಸಿದಾಗ ಮಾತ್ರ. ಕೆಲವು ಕಾರುಗಳ ಸಾಕೆಟ್‌ನಲ್ಲಿ ಇವೆರಡು ಅದಲುಬದಲಾಗಿರುತ್ತವೆ. ಕೀ ತೆಗೆದಿಟ್ಟು, ಸಾಕೆಟ್‌ನ ವೈರುಗಳಿಗೆ ಮಲ್ಟಿಮೀಟರ್ (ವೋಲ್ಟ್ ಅಳೆಯುವ ಮೀಟರ್) ಹಿಡಿಯಿರಿ. ಆಗಲೂ 12 ತೋರಿಸುವ ತುದಿಗೆ ಹಳದಿ ಸೇರಿಸಿ. ಜೋಡಿಸುವ ಮುಂಚೆ ಬ್ಯಾಟರಿಯ ನೆಗೆಟಿವ್ ಬಿಚ್ಚೋದು ಮರೀಬೇಡಿ.

ಇನ್ನೊಂದು, ವೈರ್ ಜೋಡಿಸಿದ ಕಡೆ ಬರೀ ಟೇಪ್ ಸುತ್ತಿ ಬಿಡಬೇಡಿ. ನಾನು ಹಾಗೇ ಮಾಡಿದ್ದೆ. ನಮ್ಮ ಮಳೆಗಾಲದ ಥಂಡಿಗೆ ಗೋಂದು ಹಿಡಿತ ಬಿಟ್ಟು ಟೇಪ್ ಬಿಚ್ಚಿಕೊಂಡು, ಸಂಪಾಜೆ ಘಾಟಿಯ ತಿರುವಿನಲ್ಲಿ ಸೆಟ್ ಗಪ್‌ಚುಪ್! ಬೆಸುಗೆ ಹಾಕಿ, ಮೇಲೆ ಬಿಸಿಗೆ ಕುಗ್ಗುವ ಸ್ಲೀವ್ ಏರಿಸಿ.