ಬಟ್ಟೆ ಹಗ್ಗದ ಗೂಡು: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಊರು, ವೃತ್ತಿ ಮತ್ತು ಕುಟುಂಬದ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಅವರನ್ನು ಇಲ್ಲಿ ರಾಯರು ಎಂದಷ್ಟೇ ಕರೆಯುತ್ತೇನೆ. ವಯಸ್ಸು 63. ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ದುಡಿದು ನಿವೃತ್ತರಾಗಿ, ಮೈಸೂರಿನ ಹಳೆಯ ಬಡಾವಣೆಯೊಂದರ ಸ್ವಂತ ಮನೆಯಲ್ಲಿ ಒಬ್ಬರೇ ಇದ್ದರು. ಪತ್ನಿ ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು. ಮಗ ಸಂಸಾರದೊಂದಿಗೆ ಪುಣೆಯಲ್ಲಿದ್ದ. ಆದರೆ ರಾಯರು ತಂದ ದೂರು ಬೇರೆಯೇ ಆಗಿತ್ತು: ಬಂಧುಗಳ ವಾಟ್ಸ್‌ಆ್ಯಪ್ ಗುಂಪಿನಿಂದ ಯಾರೋ ಅವರನ್ನು ತೆಗೆದುಹಾಕಿದ್ದರು. ದಿನವೂ ಬೆಳಗ್ಗೆ ಐದೂವರೆಗೆ ಎದ್ದು ಸೂರ್ಯೋದಯ, ಗುಲಾಬಿ, ಎಲೆಯ ಮೇಲಿನ ಇಬ್ಬನಿ, ಅದರ ಕೆಳಗೊಂದು ಸುಭಾಷಿತ, ಹೀಗೆ ಮೂವತ್ತು ನಲವತ್ತು ಚಿತ್ರಗಳನ್ನು ಅವರು ಆ ಗುಂಪಿಗೆ ಕಳಿಸುತ್ತಿದ್ದರು. “ಒಳ್ಳೇದನ್ನೇ ಅಲ್ವಾ ಮೇಡಂ ಕಳಿಸಿದ್ದು? ಕೆಟ್ಟದ್ದೇನಾದ್ರೂ ಕಳಿಸಿದ್ನಾ?” ಎಂದು ಕೇಳುವಾಗ ಅವರ ದನಿ ನಡುಗುತ್ತಿತ್ತು.

ಈ ‘ಶುಭೋದಯ’ದ ಚಿತ್ರಗಳ ಬಗ್ಗೆ ತಮಾಷೆ ಮಾಡುವುದು ಸುಲಭ. ಒಂಟಿಯಾಗಿರುವ ಹಿರಿಯರಿಗೆ ಅದು ‘ನಾನು ಎದ್ದಿದ್ದೇನೆ’ ಎಂದು ನಾಲ್ಕು ಜನಕ್ಕೆ ತಿಳಿಸುವ ಬಗೆ ಎಂಬುದನ್ನು ಅನೇಕ ಸಲ ಕಂಡಿರುವ ನನಗೆ ನಗು ಬರುವುದಿಲ್ಲ.

ಮೊದಲು ಖಿನ್ನತೆಯ ಮಟ್ಟವನ್ನು ಅಳೆಯಬೇಕಿತ್ತು. ಹಿಂದಿನ ಎರಡು ವಾರಗಳ ಬಗ್ಗೆ ಒಂಬತ್ತು ಪ್ರಶ್ನೆಗಳನ್ನು ಕೇಳುವ, 0ರಿಂದ 27ರವರೆಗೆ ಅಂಕವಿರುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯಲ್ಲಿ ಅವರಿಗೆ 8 ಅಂಕ ಬಂತು. ಅಂದರೆ ಸೌಮ್ಯ ಮಟ್ಟ. ಸಾವಿನ ಯೋಚನೆಯನ್ನು ಕುರಿತ ಒಂಬತ್ತನೆಯ ಪ್ರಶ್ನೆಯನ್ನು ನಾನು ಬಾಯಿಬಿಟ್ಟು ಇನ್ನೊಮ್ಮೆ ಕೇಳಿ, ‘ಇಲ್ಲ’ ಎಂಬ ಉತ್ತರವನ್ನು ಖಚಿತಪಡಿಸಿಕೊಂಡೆ. ಊಟ, ನಿದ್ರೆ ಹೆಚ್ಚುಕಡಿಮೆ ಸರಿಯಾಗಿತ್ತು. ಆಸಕ್ತಿ ಕುಂದಿದೆಯೇ ಎಂಬ ಪ್ರಶ್ನೆಗೆ ಮಾತ್ರ ಪೂರ್ತಿ ಮೂರು ಅಂಕ ಬಿದ್ದಿತ್ತು.

“ಬರ್ತಾ ದಾರಿಯಲ್ಲಿ ಏನು ನೋಡಿದಿರಿ, ಸರ್?” ಎಂದು ಕೇಳಿದೆ. “ಏನಿದೆ ನೋಡೋಕೆ” ಎಂದರು. ಮಾರ್ಚ್ ಕೊನೆಯ ವಾರವಾದ್ದರಿಂದ ನಮ್ಮ ಬೀದಿಯ ಹೊಂಗೆ ಮರಗಳು ರಸ್ತೆಯ ತುಂಬ ಹೂವುದುರಿಸಿದ್ದವು. ಅವರ ಬಲಗಾಲಿನ ಚಪ್ಪಲಿಯ ಪಟ್ಟಿಗೆ ಎರಡು ಹೂ ಅಂಟಿಕೊಂಡೇ ಬಂದಿದ್ದವು. ನಾನು ಬೆರಳು ಮಾಡಿ ತೋರಿಸಿದೆ. ಅವರು ಬಗ್ಗಿ ಒಂದನ್ನು ಬಿಡಿಸಿಕೊಂಡು, ಕನ್ನಡಕ ಹಣೆಗೇರಿಸಿ, ತುಸು ಹೊತ್ತು ನೋಡಿ, “ಬಿಳೀದು ಅಂದ್ಕೊಂಡಿದ್ದೆ. ಇದರಲ್ಲಿ ನೇರಳೆ ಇದೆ” ಎಂದರು.

ಪ್ರಕರಣದ ಗಂಟು ನನಗೆ ಅಲ್ಲಿಯೇ ಕಂಡಿತು. ಅವರು ಕಳಿಸುತ್ತಿದ್ದ ಚಿತ್ರಗಳಲ್ಲಿ ಅವರ ಕಣ್ಣು ಕಂಡದ್ದು ಒಂದೂ ಇರಲಿಲ್ಲವಾದ್ದರಿಂದ, ಅವನ್ನು ಪಡೆದವರಿಗೆ ಮರುಮಾತಾಡಲು ಏನೂ ಸಿಗುತ್ತಿರಲಿಲ್ಲ. ಮರುಮಾತು ಬಾರದಿದ್ದಷ್ಟೂ ಇವರು ಕಳಿಸುವ ಚಿತ್ರಗಳ ಸಂಖ್ಯೆ ಏರುತ್ತಿತ್ತು. ಒಳ್ಳೆಯ ಸಂಗತಿಯನ್ನು ಇನ್ನೊಬ್ಬರಿಗೆ ಹೇಳಿಕೊಂಡಾಗ ಅದರ ಸಂತೋಷ ಇನ್ನಷ್ಟು ಹೆಚ್ಚುತ್ತದೆ, ಆದರೆ ಕೇಳಿದವರು ಅಕ್ಕರೆಯಿಂದ ಸ್ಪಂದಿಸಿದರೆ ಮಾತ್ರ ಆ ಲಾಭ ನಿಜವಾಗಿ ದಕ್ಕುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞೆ ಶೆಲ್ಲಿ ಗೇಬಲ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದೆ. ರಾಯರಿಗೆ ಬೇಕಾಗಿದ್ದುದು ನಲವತ್ತು ಮಂದಿಯ ಗುಂಪಲ್ಲ, ಪ್ರಶ್ನೆ ಕೇಳುವ ಒಬ್ಬರು.

ಆದರೂ ಮೊದಲ ಸಲಹೆಯಲ್ಲಿ ನಾನು ಎಡವಿದೆ. ದಿನಕ್ಕೆ ಮೂರು ಚೆಂದದ ಸಂಗತಿಗಳನ್ನು ಪುಸ್ತಕದಲ್ಲಿ ಬರೆಯಿರಿ ಎಂದೆ. ಜೀವಮಾನವಿಡೀ ಲೆಕ್ಕ ಬರೆದವರ ಕೈಗೆ ಪುಸ್ತಕ ಕೊಟ್ಟರೆ ಏನಾಗುತ್ತದೆಂದು ಯೋಚಿಸಬೇಕಿತ್ತು. ಎರಡು ವಾರದ ನಂತರ ಅವರು ತಂದ ಪುಸ್ತಕದಲ್ಲಿ ಕೆಂಪು ಶಾಯಿಯ ಗೆರೆ, ಕ್ರಮಸಂಖ್ಯೆ, ದಿನಾಂಕ, ಸಮಯ, ಷರಾ ಎಲ್ಲವೂ ಇದ್ದವು. ಒಂಬತ್ತನೆಯ ದಿನದಿಂದ ‘ಅದೇ’ ಎಂಬ ಒಂದೇ ಪದ. “ರಾತ್ರಿ ಮಲಗೋ ಮುಂಚೆ ಮೂರು ಟ್ಯಾಲಿ ಆಗ್ಲಿಲ್ಲ ಅಂದ್ರೆ ನಿದ್ದೆ ಬರಲ್ಲ ಮೇಡಂ” ಎಂದರು. ಇಂಥ ಅಭ್ಯಾಸ ಪದೇಪದೇ ಮಾಡಿದಾಗ ಸಪ್ಪೆಯಾಗಬಹುದು, ವಾರಕ್ಕೊಮ್ಮೆ ಮಾಡಿದವರಿಗೆ ಹೆಚ್ಚು ಫಲಿಸಬಹುದು ಎಂದು ಮನಶ್ಶಾಸ್ತ್ರಜ್ಞೆ ಸೋನ್ಯಾ ಲ್ಯುಬೊಮಿರ್ಸ್ಕಿ ಮೊದಲಾದವರು 2005ರಲ್ಲೇ ಬರೆದಿದ್ದರು. ನಾನು ಓದಿಯೂ ಮರೆತಿದ್ದೆ.

ಪುಸ್ತಕವನ್ನು ಮುಚ್ಚಿಸಿ ಬೇರೆ ದಾರಿ ಹಿಡಿದೆವು. ಬೇರೆಯವರಿಂದ ಬಂದ ಚಿತ್ರವನ್ನು ಹದಿನೈದು ದಿನ ಮುಂದಕ್ಕೆ ದಾಟಿಸಕೂಡದು. ವಾರಕ್ಕೆ ಎರಡೇ ಸಲ, ತಾವೇ ಕಂಡ ಒಂದೇ ಸಂಗತಿಯನ್ನು, ಒಬ್ಬರಿಗೆ ಮಾತ್ರ, ತಮ್ಮ ದನಿಯಲ್ಲಿ ಹೇಳಿ ಕಳಿಸಬೇಕು. ಫೋಟೊ ತೆಗೆಯುವುದಾದರೆ ಮೊದಲು ಕಣ್ಣಲ್ಲಿ ನೋಡಿ ಮುಗಿಸಬೇಕು. ಇದು ನನ್ನ ಹಟವಲ್ಲ. 2014ರಲ್ಲಿ ಪ್ರಕಟವಾದ ಮನಶ್ಶಾಸ್ತ್ರಜ್ಞೆ ಲಿಂಡಾ ಹೆಂಕೆಲ್ ಅವರ ಪ್ರಯೋಗದಲ್ಲಿ, ವಸ್ತುಸಂಗ್ರಹಾಲಯಕ್ಕೆ ಹೋದವರು ಬರಿಗಣ್ಣಿನಿಂದ ನೋಡಿದ ವಸ್ತುಗಳಿಗಿಂತ ಫೋಟೊ ತೆಗೆದ ವಸ್ತುಗಳನ್ನು ಕಡಿಮೆ ನೆನಪಿಟ್ಟುಕೊಂಡಿದ್ದರು. ಕೇಳುವವರಾಗಿ ರಾಯರು ಹಾಸನದಲ್ಲಿರುವ ಅಕ್ಕನನ್ನು ಆರಿಸಿಕೊಂಡರು. ರಾಯರ ಒಪ್ಪಿಗೆ ಪಡೆದು ಮಗನೊಂದಿಗೂ ಒಮ್ಮೆ ಫೋನಿನಲ್ಲಿ ಮಾತಾಡಿ, “ಅಪ್ಪ ಏನಾದರೂ ಕಂಡದ್ದನ್ನು ಹೇಳಿದರೆ ಹೆಬ್ಬೆರಳಿನ ಗುರುತು ಹಾಕಬೇಡಿ, ಒಂದು ಪ್ರಶ್ನೆ ಕೇಳಿ” ಎಂದಷ್ಟೇ ಕೋರಿದೆ.

ಮೂರನೆಯ ವಾರ ಅವರ ಹಿತ್ತಿಲಿನ ಬಟ್ಟೆ ಹಗ್ಗದ ತುದಿಗೆ ಸೂರಕ್ಕಿಯೊಂದು ಗೂಡು ಕಟ್ಟತೊಡಗಿತು. ಜೇಡರ ಬಲೆಯ ಎಳೆ, ತೊಗಟೆಯ ಚೂರು, ಒಣನಾರುಗಳನ್ನು ತಂದು ಹೆಣ್ಣುಹಕ್ಕಿ ಹೆಣೆಯುವ ಬಗೆಯನ್ನು ರಾಯರು ಅಡುಗೆಮನೆಯ ಕಿಟಕಿಯಿಂದ ನೋಡಿ, ಅಕ್ಕನಿಗೆ ಎರಡು ನಿಮಿಷದ ಧ್ವನಿಸಂದೇಶ ಕಳಿಸಿದರು. “ಗೂಡಿನ ಬಾಯಿ ಯಾವ ಕಡೆಗಿದೆಯೋ? ಮೇಲೆ ಸೂರು ಇಳಿಸಿದೆಯಾ?” ಎಂದು ಅಕ್ಕ ಕೇಳಿದರು. ಉತ್ತರ ಗೊತ್ತಿಲ್ಲದ್ದರಿಂದ ಇವರು ಮತ್ತೆ ಹೋಗಿ ನೋಡಬೇಕಾಯಿತು. ಸೂರು ಇತ್ತು. ಮಗ ಕೇಳಿದ ಪ್ರಶ್ನೆ, “ಹಾಗಾದ್ರೆ ಬಟ್ಟೆ ಎಲ್ಲಿ ಒಣಗಿಸ್ತೀರಪ್ಪ?” ಹಕ್ಕಿಯ ಬಗ್ಗೆ ಒಂದು ಮಾತಿಲ್ಲವೆಂದು ರಾಯರು ನನ್ನೆದುರು ಬೇಸರಪಟ್ಟರು. ಅದೂ ಪ್ರಶ್ನೆಯೇ, ನಿಮ್ಮ ಬಗ್ಗೆ ಕೇಳಿದ್ದು ಎಂದೆ. ಅವರು ಒಪ್ಪಲಿಲ್ಲ, ಆದರೆ ಬಟ್ಟೆಯನ್ನು ಮಹಡಿಗೆ ಹೊತ್ತು ಒಣಗಿಸುತ್ತಿರುವುದಾಗಿ ಮಗನಿಗೆ ವಿವರವಾಗಿ ತಿಳಿಸಿದರು.

ಎರಡು ಮೊಟ್ಟೆ ಇಟ್ಟು ಹಕ್ಕಿ ಕಾವು ಕೂತ ಹತ್ತನೆಯ ದಿನ ಕೆಂಬೂತವೋ ಕಾಗೆಯೋ ಗೂಡನ್ನು ಬಗೆದು ಹಾಕಿತು. ರಾಯರು ನಾಲ್ಕು ದಿನ ಯಾರಿಗೂ ಏನನ್ನೂ ಕಳಿಸಲಿಲ್ಲ. “ಚೆನ್ನಾಗಿರೋದನ್ನ ಮಾತ್ರ ಹೇಳ್ಬೇಕು ಅಲ್ವಾ?” ಎಂದು ನನ್ನನ್ನು ಕೇಳಿದರು. ನಾನು ಹಾಗೆ ಹೇಳಿರಲಿಲ್ಲ, ಹಾಗಲ್ಲವೆಂದೂ ಹೇಳಿರಲಿಲ್ಲ. ಈ ಸಲಹೆಯಲ್ಲಿ ಬಹುಮಂದಿ ಎಡವುವುದು ಇಲ್ಲಿಯೇ: ಸೊಬಗನ್ನು ಹಂಚಿಕೊಳ್ಳುವ ಅಭ್ಯಾಸ ನೋವನ್ನು ಮುಚ್ಚಿಡುವ ಶಿಸ್ತಾಗಿಬಿಟ್ಟರೆ, ಅದು ಸುಭಾಷಿತದ ಚಿತ್ರಕ್ಕಿಂತ ಮೇಲೇನೂ ಅಲ್ಲ. ಗೂಡು ಹೋದದ್ದನ್ನೂ ಅಕ್ಕನಿಗೆ ಹೇಳಿ ಎಂದೆ. ಅಂದು ಸಂಜೆ ಅವರಿಬ್ಬರೂ ಮುಕ್ಕಾಲು ಗಂಟೆ ಮಾತಾಡಿದರಂತೆ. ಗೂಡಿನ ಮಾತು ಮುಗಿದ ಮೇಲೆ, ಪತ್ನಿ ಆಸ್ಪತ್ರೆಯಲ್ಲಿದ್ದ ಕೊನೆಯ ವಾರದ ಬಗ್ಗೆ ರಾಯರು ಮೊದಲ ಬಾರಿಗೆ ಬಾಯಿಬಿಟ್ಟಿದ್ದರು.

ಮೂರು ತಿಂಗಳ ನಂತರದ ಭೇಟಿಯಲ್ಲಿ ಪ್ರಶ್ನಾವಳಿಯ ಅಂಕ 4ಕ್ಕೆ ಇಳಿದಿತ್ತು. ಬಂಧುಗಳ ಗುಂಪಿಗೆ ಮರಳಿ ಸೇರುವಂತೆ ಕರೆ ಬಂದಿದೆ, ಇನ್ನೂ ತೀರ್ಮಾನಿಸಿಲ್ಲ ಎಂದರು. ಹರಿದ ಗೂಡು ಹಗ್ಗದಲ್ಲೇ ತೂಗುತ್ತಿದೆಯಂತೆ. ಬಟ್ಟೆ ಈಗಲೂ ಮಹಡಿಯ ಮೇಲೆ.