ಸಾಲ ತೀರಿತು, ರಾಜೀನಾಮೆ ಮಾತ್ರ ಕೊಡಲಾಗಲಿಲ್ಲ

ಈ ಪ್ರಕರಣ ಬರೆಯಲು ಗಂಡ ಹೆಂಡತಿ ಇಬ್ಬರೂ ಒಪ್ಪಿದ್ದಾರೆ. ಕೆಲಸ, ವಯಸ್ಸು, ಮನೆಯ ವಿವರ ಎಲ್ಲವನ್ನೂ ಗುರುತು ಸಿಗದಂತೆ ಬದಲಿಸಿದ್ದೇನೆ. ಹಣದ ವಿಷಯ ಬಂದಲ್ಲಿ ನೂರರಲ್ಲಿ ಇಷ್ಟು ಪಾಲು ಅಂತ ಹೇಳುತ್ತೇನೆ.

ಆಪ್ತ ಸಮಾಲೋಚನೆಗೆ ನನ್ನ ಹತ್ತಿರ ಬಂದವರು ನಲವತ್ತು ದಾಟಿದ ಮಹಿಳೆ. ಔಷಧ ತಯಾರಿಸುವ ಕಂಪನಿಯೊಂದರಲ್ಲಿ ಗುಣಮಟ್ಟ ಪರೀಕ್ಷೆ ವಿಭಾಗದ ಮುಖ್ಯಸ್ಥೆ. ಗಂಡನಿಗೂ ಕೆಲಸವಿದೆ, ಒಬ್ಬಳು ಮಗಳಿದ್ದಾಳೆ. ನಿದ್ದೆ ಬರುತ್ತಿಲ್ಲ ಎಂದು ಬಂದಿದ್ದರು. ಮಲಗಿದ ಕೂಡಲೇ ನಿದ್ದೆ ಹತ್ತುತ್ತದೆ, ಮೂರು ಗಂಟೆಗೆ ಎಚ್ಚರ, ಆಮೇಲೆ ಬೆಳಗಾಗುವ ತನಕ ಹೊರಳಾಟ. ವೈದ್ಯರು ತಪಾಸಣೆ ಮಾಡಿ, ದೇಹಕ್ಕೆ ತೊಂದರೆ ಇಲ್ಲ ಎಂದಿದ್ದರು.

"ಎಚ್ಚರ ಆದಾಗ ತಲೆಯಲ್ಲಿ ಏನು ಓಡುತ್ತೆ?" ಎಂದು ಕೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಾನು ಸುಳ್ಳು ಹೇಳಿದೆನಾ ಅಂತ."

"ಯಾರ ಹತ್ತಿರ?"

"ನನ್ನ ಹತ್ತಿರಾನೇ, ಮೇಡಂ."

ಮದುವೆಯಾದ ಕೆಲವು ವರ್ಷಕ್ಕೆ ಇಬ್ಬರೂ ಸೇರಿ 20 ವರ್ಷದ ಸಾಲ ಮಾಡಿ ಮನೆ ಕೊಂಡಿದ್ದರು. ಒಂದೆರಡು ವರ್ಷದಲ್ಲೇ ಇವರಿಗೆ ಕೆಲಸ ಭಾರವಾಯಿತು. ಪರೀಕ್ಷೆ ಮಾಡುವ ಕೆಲಸ ಇವತ್ತಿಗೂ ಇಷ್ಟ. ಆದರೆ ರಾತ್ರಿ ಬರುವ ಫೋನು, ಒಂದು ಬ್ಯಾಚ್ ಕೆಟ್ಟರೆ ಶುರುವಾಗುವ ವಿಚಾರಣೆ, ಯಾರದೋ ತಪ್ಪಿಗೆ ತಾವು ಉತ್ತರ ಕೊಡಬೇಕಾದ ಮೀಟಿಂಗುಗಳು ಸಾಕುಸಾಕು ಮಾಡಿದ್ದವು. ಆಗ ಒಂದು ತೀರ್ಮಾನಕ್ಕೆ ಬಂದರು. ಸಾಲ ಬೇಗ ತೀರಿಸಬೇಕು. ತೀರಿದ ದಿನವೇ ಕೆಲಸ ಬಿಡಬೇಕು. ಆಮೇಲೆ ಸಂಬಳ ಕಮ್ಮಿಯಾದರೂ ಮನಸ್ಸಿಗೆ ಒಪ್ಪುವ ಕೆಲಸ ಹುಡುಕಬೇಕು.

20 ವರ್ಷದ ಸಾಲ 12 ವರ್ಷಕ್ಕೆ ತೀರಿತು. ನನ್ನ ಹತ್ತಿರ ಬರುವ ಹೊತ್ತಿಗೆ ಸಾಲ ತೀರಿ ಹೆಚ್ಚುಕಮ್ಮಿ ಒಂದು ವರ್ಷವಾಗಿತ್ತು. ರಾಜೀನಾಮೆ ಪತ್ರ ಫೋನಿನಲ್ಲಿ ಸಿದ್ಧವಿತ್ತು, ತಾರೀಖು ಹಾಕುವುದೊಂದೇ ಬಾಕಿ. ಭಾನುವಾರ ರಾತ್ರಿ ಅದನ್ನು ತೆಗೆದು ಓದುತ್ತಿದ್ದರು. ಸೋಮವಾರ ಬೆಳಿಗ್ಗೆ ಆಫೀಸಿಗೆ ಹೊರಡುತ್ತಿದ್ದರು.

ಎರಡನೇ ಭೇಟಿಗೆ ಲ್ಯಾಪ್‌ಟಾಪ್ ತಂದು ಒಂದು ಎಕ್ಸೆಲ್ ಹಾಳೆ ತೋರಿಸಿದರು. ತಿಂಗಳಿಗೊಂದರಂತೆ 240 ಸಾಲು. ಕಟ್ಟಿದ ಕಂತಿಗೆಲ್ಲ ಹಸಿರು ಬಣ್ಣ. ಹೆಚ್ಚುವರಿ ಹಣ ಕಟ್ಟಿದಾಗ ಕೆಳಗಿನಿಂದ ಎಷ್ಟು ಸಾಲು ಕಮ್ಮಿಯಾದವೋ ಅಷ್ಟಕ್ಕೆ ಬೂದು ಬಣ್ಣ. ಪಕ್ಕದ ಅಂಕಣದಲ್ಲಿ ಚುಟುಕು ಟಿಪ್ಪಣಿ: "ಬೋನಸ್", "ಪ್ರವಾಸ ರದ್ದು", "ಕಾರು ಮುಂದಿನ ವರ್ಷ", ಮತ್ತೆ "ಕಾರು ಮುಂದಿನ ವರ್ಷ". ಎಂಟನೇ ವರ್ಷದ ಒಂದು ಕಡೆ "ಬೇಡ ಅಂದೆ" ಅಂತಷ್ಟೇ ಇತ್ತು.

ಏನದು ಎಂದು ಕೇಳಿದೆ. ಅದೇ ಕಂಪನಿಯಲ್ಲಿ ಹೊಸಬರಿಗೆ ತರಬೇತಿ ಕೊಡುವ ವಿಭಾಗಕ್ಕೆ ಇವರನ್ನು ಕರೆದಿದ್ದರಂತೆ. ರಾತ್ರಿ ಫೋನು ಇಲ್ಲ, ವಿಚಾರಣೆ ಇಲ್ಲ. ಸಂಬಳ ಕಾಲು ಭಾಗ ಕಮ್ಮಿ. ಹಾಳೆಯಲ್ಲಿ ಲೆಕ್ಕ ಹಾಕಿ ನೋಡಿದರೆ ಸಾಲ ತೀರುವುದು ಎರಡು ವರ್ಷ ತಡವಾಗುತ್ತಿತ್ತು. ಬೇಡ ಅಂದರು. ಈಗ ಆ ವಿಭಾಗವೇ ಇಲ್ಲ. ಇದನ್ನು ಹೇಳುವಾಗ ಅವರ ಗಂಟಲು ಕಟ್ಟಿತು. ಸಾಲ ತೀರಿದ್ದನ್ನು ಹೇಳುವಾಗ ಇಲ್ಲದ ಭಾವ ಇಲ್ಲಿ ಬಂತು.

ಹಾಗಂತ ಸಾಲ ಬೇಗ ತೀರಿಸಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಮನೆ ಸಾಲದ ಲೆಕ್ಕ ಗೊತ್ತಿರುವವರಿಗೆ ಇವರ ಅವಸರ ಅರ್ಥವಾಗುತ್ತದೆ. 20 ವರ್ಷದ ಅವಧಿ, ಶೇಕಡ 9 ಬಡ್ಡಿ ಅಂತ ಇಟ್ಟುಕೊಳ್ಳಿ. ಮೊದಲ ಕಂತಿನ ನೂರು ಪಾಲಿನಲ್ಲಿ ಸುಮಾರು 83 ಬಡ್ಡಿಗೇ ಹೋಗುತ್ತದೆ. 7 ವರ್ಷ ಒಂದೂ ತಪ್ಪದೆ ಕಟ್ಟಿದ ಮೇಲೂ ಅಸಲಿನಲ್ಲಿ ನೂರಕ್ಕೆ 82ಕ್ಕಿಂತ ಜಾಸ್ತಿ ಬಾಕಿ ಇರುತ್ತದೆ. ಕಂತಿನಲ್ಲಿ ಬಡ್ಡಿಗಿಂತ ಅಸಲು ಜಾಸ್ತಿಯಾಗಲು 12 ವರ್ಷ ದಾಟಬೇಕು. ಇದನ್ನು ಮೊದಲ ಸಲ ನೋಡಿದವರಿಗೆ ಎದೆ ಧಸಕ್ಕೆನ್ನುತ್ತದೆ. ಇವರಿಗೂ ಹಾಗೇ ಆಗಿತ್ತು. ಅದೇ ಸಾಲಕ್ಕೆ ವರ್ಷಕ್ಕೊಂದು ಕಂತು ಜಾಸ್ತಿ ಕಟ್ಟುತ್ತಾ ಹೋದರೆ ಮೂರೂವರೆ ವರ್ಷದಷ್ಟು ಮುಂಚೆ ತೀರುತ್ತದೆ. ಆರಂಭದ ವರ್ಷಗಳಲ್ಲಿ ಕಟ್ಟಿದ ಹೆಚ್ಚುವರಿ ಹಣ ಮಾಡುವ ಕೆಲಸ ಅಷ್ಟು ದೊಡ್ಡದು. ಬೇಗ ಕಟ್ಟಬೇಕು ಅನ್ನುವ ಹಟದಲ್ಲಿ ವಿವೇಕವಿತ್ತು.

ತೊಂದರೆ ಶುರುವಾದದ್ದು ಕೊನೆಕೊನೆಗೆ. ಗುರಿ ಹತ್ತಿರವಾದಷ್ಟೂ ಓಟ ಜೋರಾಗುತ್ತದೆ ಅಂತ ಮನಶ್ಶಾಸ್ತ್ರಜ್ಞ ಕ್ಲಾರ್ಕ್ ಹಲ್ 1930ರ ದಶಕದಲ್ಲಿ ಇಲಿಗಳ ಓಟ ನೋಡಿ ಹೇಳಿದ್ದರು. ಮನುಷ್ಯರೂ ಹೀಗೇ. ಕೊನೆಯ ನಾಲ್ಕು ವರ್ಷ ಇವರಿಗೆ ಹಾಳೆಯ ಆಚೆಗಿನದ್ದು ಏನೂ ಕಾಣಲಿಲ್ಲ. ಬಿಡುಗಡೆಗಾಗಿ ಸಾಲ ತೀರಿಸಲು ಹೊರಟವರಿಗೆ, ಆ ಬಿಡುಗಡೆಯೇ ಅರ್ಧ ದಾರಿಯಲ್ಲಿ ಎದುರು ಬಂದು ನಿಂತಾಗ ಗುರುತು ಸಿಗಲಿಲ್ಲ.

ಹಾಗಾಗಿ ನನ್ನ ಮೊದಲ ಸಲಹೆ ಹಣದ್ದಾಗಿರಲಿಲ್ಲ. ಆ ತರಬೇತಿ ಕೆಲಸ ಕೈತಪ್ಪಿದ್ದು ಒಂದು ನಷ್ಟ. ಅದಕ್ಕೆ ದುಃಖಪಡಲು ಇವರು ತಮಗೇ ಅವಕಾಶ ಕೊಟ್ಟಿರಲಿಲ್ಲ. "ಸಾಲ ತೀರಿತಲ್ಲ, ಇನ್ನೇನು ಅಳೋದು" ಅಂತ ಬಾಯಿ ಮುಚ್ಚಿಸಿಕೊಂಡಿದ್ದರು. ಆ ಕೆಲಸ ಸಿಕ್ಕಿದ್ದರೆ ಏನೇನು ಮಾಡುತ್ತಿದ್ದೆ ಎಂದು ಬರೆದು ತನ್ನಿ, ಅದರಲ್ಲಿ ಹಣದ ಮಾತು ಒಂದೂ ಬರಬಾರದು ಎಂದೆ. ಮೂರು ಪುಟ ಬರೆದು ತಂದರು. ಓದುತ್ತಾ ಅತ್ತರು. ಆ ವಾರ ಎರಡು ರಾತ್ರಿ ಪೂರ್ತಿ ನಿದ್ದೆ ಬಂತಂತೆ.

ಆಮೇಲೆ ಒಂದು ಪ್ರಶ್ನೆ ಕೇಳಿದೆ. ಸ್ಟೀವ್ ಡಿ ಶೇಜರ್ ಮತ್ತು ಇನ್ಸೂ ಕಿಮ್ ಬರ್ಗ್ ಬಳಕೆಗೆ ತಂದ ಪ್ರಶ್ನೆ ಇದು, ನಮ್ಮ ವೃತ್ತಿಯಲ್ಲಿ ಪವಾಡದ ಪ್ರಶ್ನೆ ಎನ್ನುತ್ತೇವೆ. "ಇವತ್ತು ರಾತ್ರಿ ನೀವು ಮಲಗಿದ್ದಾಗ ಏನೋ ಪವಾಡ ಆಗಿ ನಿಮ್ಮ ಸಮಸ್ಯೆ ಹೋಗಿಬಿಟ್ಟಿದೆ. ನಿಮಗೆ ಗೊತ್ತಿಲ್ಲ, ಯಾಕಂದ್ರೆ ನಿದ್ದೆಯಲ್ಲಿದ್ರಿ. ಬೆಳಿಗ್ಗೆ ಎದ್ದಾಗ ಯಾವ ಚಿಕ್ಕ ವಿಷಯ ನೋಡಿ ನಿಮಗೆ ಅನುಮಾನ ಬರುತ್ತೆ?"

"ಫೋನು ತಲೆದಿಂಬಿನ ಹತ್ತಿರ ಇರಲ್ಲ," ಅಂದರು. ತುಂಬ ಹೊತ್ತಿನ ಮೇಲೆ, "ಇಬ್ಬರು ಮೂವರು ಹುಡುಗರನ್ನ ಪಕ್ಕದಲ್ಲಿ ಕೂರಿಸಿಕೊಂಡು, ಈ ರಿಸಲ್ಟ್ ಯಾಕೆ ಹೀಗೆ ಬಂತು ನೋಡಿ ಅಂತ ತೋರಿಸ್ತಾ ಇರ್ತೀನಿ."

ರಾಜೀನಾಮೆ ಅನ್ನುವ ಮಾತೇ ಅದರಲ್ಲಿ ಬರಲಿಲ್ಲ. ಏನು ಬೇಡ ಅನ್ನುವುದು ಇವರಿಗೆ 12 ವರ್ಷದಿಂದ ಗೊತ್ತಿತ್ತು. ಏನು ಬೇಕು ಅಂತ ಬಾಯಿಬಿಟ್ಟು ಹೇಳಿದ್ದು ಆ ದಿನವೇ. ಬೇಡದ್ದನ್ನಷ್ಟೇ ಹಿಡಿದು ಹೊರಟವರಿಗೆ ಬಾಗಿಲು ತೆರೆದರೂ ಕಾಲು ಏಳುವುದಿಲ್ಲ. ಇವರ ರೋಗ ಸೋಮಾರಿತನವೂ ಅಲ್ಲ, ಹೇಡಿತನವೂ ಅಲ್ಲ ಅಂತ ನಾನು ಒತ್ತಿ ಹೇಳಿದೆ.

ಗಂಡನನ್ನು ಕರೆತರಲು ಹೇಳಿದೆ. ಮೆತ್ತಗಿನ ಮನುಷ್ಯ, ಕೇಳಿದ್ದಕ್ಕೆ ಮಾತ್ರ ಉತ್ತರ. "ಸಾಲ ತೀರಿದ ಮೇಲೆ ಕೆಲಸ ಬಿಡ್ತೀನಿ ಅಂತ ಹೇಳ್ತಿದ್ದಳು, ನೆನಪಿದೆ. ಬೇಜಾರಲ್ಲಿ ಎಲ್ಲರೂ ಹೇಳೋ ಮಾತು ಅಂದ್ಕೊಂಡೆ." ಹಾಗಾಗಿ ಕಂತು ನಿಂತ ತಿಂಗಳಿಂದಲೇ ಮಿಕ್ಕ ಹಣವನ್ನೆಲ್ಲ ಮಗಳ ಓದಿಗೆ ಅಂತ ಐದು ವರ್ಷದ ಠೇವಣಿಗೆ ಹಾಕತೊಡಗಿದ್ದರು. ಅವರ ಪ್ರಕಾರ ಇದೇ ಮುಂದಿನ ಹೆಜ್ಜೆ. ಹೆಂಡತಿ ಅದನ್ನು ನೋಡಿ, ಒಂದು ಸಾಲ ಹೋಯ್ತು, ಇನ್ನೊಂದು ಶುರುವಾಯ್ತು ಅಂದುಕೊಂಡು ಸುಮ್ಮನಾಗಿದ್ದರು. ಒಂದೇ ಮನೆಯಲ್ಲಿ ಎರಡು ಯೋಜನೆ. ಜಗಳವೂ ಇಲ್ಲ, ಮಾತೂ ಇಲ್ಲ.

ಇಬ್ಬರಿಗೂ ಒಂದು ಕೆಲಸ ಕೊಟ್ಟೆ. ಎರಡು ತಿಂಗಳು ಆಗುವ ಖರ್ಚನ್ನು ಇದ್ದದ್ದು ಇದ್ದ ಹಾಗೆ ಬರೆಯುವುದು. ವರ್ಷಕ್ಕೊಮ್ಮೆ ಬರುವ ಮನೆ ತೆರಿಗೆ, ವಿಮೆ, ರಿಪೇರಿಯನ್ನು 12ರಿಂದ ಭಾಗಿಸಿ ತಿಂಗಳ ಖರ್ಚಿಗೆ ಸೇರಿಸುವುದು. ಸಾಲ ತೀರಿದರೂ ಮನೆ ಹಣ ಕೇಳುವುದು ನಿಲ್ಲುವುದಿಲ್ಲ, ಇದನ್ನು ತುಂಬ ಜನ ಮರೆಯುತ್ತಾರೆ.

ಇಬ್ಬರ ಆದಾಯ ಸೇರಿ 100 ಅಂದರೆ ಹೆಂಡತಿಯದು 55, ಗಂಡನದು 45. ಖರ್ಚು 40 ಇರಬಹುದು ಅಂತ ಇಬ್ಬರೂ ಅಂದಾಜು ಮಾಡಿದ್ದರು. ಬರೆದು ನೋಡಿದಾಗ 52 ಬಂತು. ಅಂದರೆ ಹೆಂಡತಿ ಪೂರ್ತಿ ಕೆಲಸ ಬಿಟ್ಟರೂ ತಿಂಗಳಿಗೆ ಬೀಳುವ ಕೊರತೆ 7.

ಅವರು ಆ ಅಂಕಿಯನ್ನೇ ನೋಡುತ್ತಾ ಕೂತರು. ಗಂಡನ ಕಡೆ ತಿರುಗಿ, "ರೀ, ನಾನು ಹೆದರಿದ್ದು ಈ ಏಳಕ್ಕಾ?" ಅಂದರು.

ಹೆದರಿಕೆಗೆ ಕಾರಣ ಇತ್ತು ಅಂತ ನಾನು ಹೇಳಿದೆ. 12 ವರ್ಷದ ಉಳಿತಾಯ ಗೋಡೆಗಳಲ್ಲಿತ್ತು, ಆಮೇಲಿನದ್ದು ಠೇವಣಿಯಲ್ಲಿತ್ತು. ಕೈಗೆ ತಕ್ಷಣ ಸಿಗುವ ಹಣ ಒಂದು ತಿಂಗಳಿಗೂ ಸಾಲುತ್ತಿರಲಿಲ್ಲ. ಮನೆ ನಮ್ಮದೇ, ಆದರೆ ತುರ್ತಿಗೆ ಅದರಿಂದ ಒಂದು ಇಟ್ಟಿಗೆ ಕಿತ್ತು ಮಾರಲಾಗುವುದಿಲ್ಲ. ರಾತ್ರಿ ಮೂರು ಗಂಟೆಗೆ ಎಬ್ಬಿಸುತ್ತಿದ್ದ ಮನಸ್ಸಿಗೆ ಇದು ಗೊತ್ತಿತ್ತು.

ಕೊಟ್ಟ ಸಲಹೆ ಇಷ್ಟು. ಠೇವಣಿ ಸದ್ಯಕ್ಕೆ ನಿಲ್ಲಿಸಿ. ತಿಂಗಳಿಗೆ ಉಳಿಯುವ 48 ಪಾಲನ್ನು ಬೇಕಾದಾಗ ತೆಗೆಯಬಹುದಾದ ಖಾತೆಯಲ್ಲಿಡಿ. ಆರೂವರೆ ತಿಂಗಳಿಗೆ ಮನೆಯ ಆರು ತಿಂಗಳ ಖರ್ಚು ಕೂಡಿಬರುತ್ತದೆ. ಅಲ್ಲಿಯವರೆಗೆ ರಾಜೀನಾಮೆ ಪತ್ರ ತೆರೆಯುವುದು ಬೇಡ. ಕೆಲಸದ ಜೊತೆ ಬರುವ ಆರೋಗ್ಯ ವಿಮೆ ಕೆಲಸದ ಜೊತೆಗೇ ಹೋಗುತ್ತದೆ, ಅದಕ್ಕೆ ಬದಲಿ ಮೊದಲು ಮಾಡಿ, ಅದರ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ಈ ತಿಂಗಳುಗಳಲ್ಲಿ ಕಂಪನಿಯನ್ನು ಎರಡು ವಿಷಯ ಕೇಳಿ: ರಾತ್ರಿ ಫೋನಿನ ಜವಾಬ್ದಾರಿ ಬೇರೆಯವರಿಗೆ ಕೊಡಲು ಆಗುತ್ತದಾ, ಹೊಸಬರಿಗೆ ಕಲಿಸುವ ಕೆಲಸ ಸ್ವಲ್ಪವಾದರೂ ಸಿಗುತ್ತದಾ. ಇಲ್ಲ ಅಂದರೆ ಇಲ್ಲ. ಆದರೆ ಸಾಲ ಇದ್ದಾಗ ಕೇಳುವ ದನಿ ಬೇರೆ, ಇಲ್ಲದಾಗ ಕೇಳುವ ದನಿ ಬೇರೆ. ಸಾಲ ತೀರಿಸಿದ್ದರ ಮೊದಲ ಉಪಯೋಗ ಅದೇ ಆಗಲಿ ಎಂದೆ.

ಇನ್ನೂ ಕಂತು ಕಟ್ಟುತ್ತಾ ಇದೇ ಕನಸು ಇಟ್ಟುಕೊಂಡವರಿಗೂ ಒಂದೆರಡು ಮಾತು. ತುರ್ತು ಹಣ ಕೂಡಿಟ್ಟ ಮೇಲೆಯೇ ಹೆಚ್ಚುವರಿ ಕಟ್ಟಿ. ಸಾಲ ಕೊಟ್ಟವರು ಮುಂಚಿತವಾಗಿ ಕಟ್ಟಿದ್ದಕ್ಕೆ ದಂಡ ಹಾಕುತ್ತಾರಾ, ಹೆಚ್ಚು ಕಟ್ಟಿದ್ದನ್ನು ಬೇಕಾದಾಗ ವಾಪಸ್ ತೆಗೆಯುವ ಸೌಲಭ್ಯ ಇದೆಯಾ, ಎರಡನ್ನೂ ಬರವಣಿಗೆಯಲ್ಲಿ ಕೇಳಿ. ದೊಡ್ಡ ಮೊತ್ತ ಕಟ್ಟಿದಾಗ ಅವಧಿ ಇಳಿಸಬೇಕಾ, ಕಂತು ಇಳಿಸಬೇಕಾ ಅನ್ನುವ ಆಯ್ಕೆ ಸಾಮಾನ್ಯವಾಗಿ ಇರುತ್ತದೆ. ಅವಧಿ ಇಳಿಸಿದರೆ ಬಡ್ಡಿ ಜಾಸ್ತಿ ಉಳಿಯುತ್ತದೆ, ಹಾಗಾಗಿ ಎಲ್ಲರೂ ಅದನ್ನೇ ಹೇಳುತ್ತಾರೆ. ಆದರೆ ನಿಮಗೆ ಬೇಕಿರುವುದು ಕೆಲಸ ಬದಲಿಸುವ ಸ್ವಾತಂತ್ರ್ಯವಾದರೆ ಕಂತು ಇಳಿಸುವುದನ್ನೂ ಯೋಚಿಸಿ. ಕಮ್ಮಿ ಸಂಬಳದ ಕೆಲಸಕ್ಕೆ ಈಗಲೇ ಹೋಗುವ ದಾರಿ ಅದರಿಂದ ತೆರೆಯಬಹುದು. ಬಡ್ಡಿ ಸ್ವಲ್ಪ ಜಾಸ್ತಿ ಹೋಗುತ್ತದೆ, ಹೋಗಲಿ. ನಾಲ್ಕು ವರ್ಷದ ಒಳ್ಳೆ ಕೆಲಸಕ್ಕೆ ಅದು ದುಬಾರಿ ಅಲ್ಲ ಅನ್ನುವುದು ನನ್ನ ಅಭಿಪ್ರಾಯ. ಇನ್ನು ಕೊನೆ ಕಂತು ಕಟ್ಟಿದ ಖುಷಿಯಲ್ಲಿ ಮನೆಯ ಮೂಲ ಪತ್ರಗಳನ್ನು ವಾಪಸ್ ಪಡೆಯುವುದು, ಅಡಮಾನ ಬಿಡುಗಡೆಯಾದದ್ದನ್ನು ದಾಖಲೆಯಲ್ಲಿ ಸೇರಿಸುವುದು ಮರೆಯಬೇಡಿ.

ಕಂಪನಿ ಮೊದಲ ಬೇಡಿಕೆಗೆ ಆಗಲ್ಲ ಅಂದಿತು. ಎರಡನೆಯದಕ್ಕೆ ನೋಡೋಣ ಅಂದಿತು, ನೋಡಲಿಲ್ಲ. ಅಷ್ಟರಲ್ಲಿ ಇವರು ರಜಾ ದಿನಗಳಲ್ಲಿ ಒಂದು ತಾಂತ್ರಿಕ ಕಾಲೇಜಿನ ಪ್ರಯೋಗಾಲಯದಲ್ಲಿ ಕಲಿಸಲು ಶುರು ಮಾಡಿದ್ದರು. ಮೊದಲ ತಿಂಗಳು ಸುಸ್ತಾಗಿ, ಇದೂ ನನಗೆ ಆಗಲ್ಲ ಅಂದರು. ಎರಡನೇ ತಿಂಗಳು ಆ ಮಾತು ಬರಲಿಲ್ಲ. ತುರ್ತು ಹಣ ತುಂಬಿದ ಮೇಲೆ ಪತ್ರಕ್ಕೆ ತಾರೀಖು ಹಾಕಿ ಕಳಿಸಿದರು. ಕಳಿಸುವ ಮುಂಚೆ ಮಗಳಿಗೂ ವಿಷಯ ಹೇಳಿದರು, ಅವಳ ಓದಿನ ಠೇವಣಿ ಇನ್ನು ನಿಧಾನವಾಗುತ್ತದೆ ಅನ್ನುವುದನ್ನೂ ಸೇರಿಸಿ. ಅದನ್ನು ಮುಚ್ಚಿಡಬಾರದು ಅಂತ ಹಟ ಹಿಡಿದದ್ದು ಗಂಡ.

ಈಗ ಕಲಿಸುವುದರಿಂದ ಬರುವ ಹಣ ಕೆಲವು ತಿಂಗಳು ಆ 7ರ ಕೊರತೆ ತುಂಬುತ್ತದೆ, ಕೆಲವು ತಿಂಗಳು ಇಲ್ಲ. ನಿದ್ದೆ ಸುಧಾರಿಸಿದೆ. ಪೂರ್ತಿ ಸರಿಯಾಗಿಲ್ಲ, ಕಾಲೇಜಿನ ಪರೀಕ್ಷೆಗಳ ಸಮಯದಲ್ಲಿ ಎಚ್ಚರವಾಗುತ್ತದಂತೆ.

ಈಚೆಗೆ ಬಂದಾಗ ಗಂಡ ತಾವಾಗಿಯೇ ಮಾತು ತೆಗೆದರು. "ಈಗ ಮನೆ ನಡೆಯೋದು ನನ್ನ ಸಂಬಳದ ಮೇಲೆ. ನನಗೂ ಈ ಕೆಲಸ ಬಿಟ್ಟು ಬೇರೆ ಏನಾದ್ರೂ ಮಾಡಬೇಕು ಅನ್ನಿಸಿದ್ರೆ?" ಹೆಂಡತಿ ಅವರನ್ನು ಅಚ್ಚರಿಯಿಂದ ನೋಡಿದರು, ಇಷ್ಟು ವರ್ಷದಲ್ಲಿ ಈ ಪ್ರಶ್ನೆ ಕೇಳಿರಲಿಲ್ಲವಂತೆ. ಮುಂದಿನ ಭೇಟಿಗೆ ಅವರೂ ಮೂರು ಪುಟ ಬರೆದು ತರಬೇಕು ಅಂತ ಮಾತಾಗಿದೆ. ಅವರ ಸರದಿಗೆ ಒಂದು ಗಡುವನ್ನೂ ಅಂದೇ ಇಬ್ಬರೂ ಕೂತು ಗೊತ್ತುಮಾಡುತ್ತಾರೆ.